ಅಪ್ಪ ಓಡಿಸಿದರೆ ಬೀಪ್ ಇಲ್ಲ

ಮಾರ್ಚ್ 3, ಸೋಮವಾರ

ಗಾಡಿಯ ರಿವರ್ಸ್ ಬೀಪ್ ನಿಂತುಹೋಗಿದೆ. ಹೇಳಿದವರು ಅಪ್ಪ, ಇವತ್ತು ಸಂಜೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ. ಹಿಂದಕ್ಕೆ ತೆಗೆಯುವಾಗ ಗೋಡೆ ಹತ್ತಿರವಾದರೆ ಕೀಂ ಕೀಂ ಎನ್ನುತ್ತಿದ್ದ ಸದ್ದು, ರಿಪೇರಿಯಾಗಿ ಬಂದ ಮೇಲೆ ಬರುತ್ತಿಲ್ಲವಂತೆ.

ಮರೆಯುವ ಮೊದಲು ಹಿನ್ನೆಲೆ ಬರೆದಿಡುತ್ತೇನೆ. ನಮ್ಮದು ಹಳೆಯ ಡೀಸೆಲ್ ಕಾರು. ಈ ಮಾದರಿಯ ಕಾರುಗಳು ಪರೀಕ್ಷಾ ಕೇಂದ್ರದಲ್ಲಿ ಒಂದು ಥರ, ರಸ್ತೆಯಲ್ಲಿ ಇನ್ನೊಂದು ಥರ ಹೊಗೆ ಬಿಡುತ್ತಿದ್ದವು. ತನ್ನನ್ನು ಯಾರೋ ಪರೀಕ್ಷೆ ಮಾಡುತ್ತಿದ್ದಾರೆಂದು ಗಾಡಿಗೇ ಗೊತ್ತಾಗುವ ಹಾಗೆ ಕಂಪನಿಯವರು ಒಳಗೆ ಸಾಫ್ಟ್‌ವೇರ್ ಇಟ್ಟಿದ್ದರು. ಸಿಕ್ಕಿಬಿದ್ದ ಮೇಲೆ ಎಲ್ಲ ಗಾಡಿಗಳನ್ನೂ ವಾಪಸ್ ಕರೆಸಿದರು. ಫೆಬ್ರವರಿ ಕೊನೆಯ ವಾರ ನಮ್ಮದೂ ಹೋಗಿ ಬಂತು. ಹೊಸ ಸಾಫ್ಟ್‌ವೇರ್ ಹಾಕಿದ್ದಾರೆ, ಒಂದು ಸಣ್ಣ ಪೈಪ್ ಬದಲಾಯಿಸಿದ್ದಾರೆ. ತೊಂದರೆ ಕಂಡರೆ ಈ ತಿಂಗಳೊಳಗೆ ದೂರು ಕೊಡಬೇಕು. ದೂರು ನಿಜವೆನಿಸಿದರೆ ಮತ್ತೆ ಸರಿ ಮಾಡಿಕೊಡುತ್ತಾರೆ, ಇಲ್ಲವೇ ಗಾಡಿಯನ್ನೇ ವಾಪಸ್ ತೆಗೆದುಕೊಳ್ಳುತ್ತಾರೆ.

ನಾನು ಕಂಡ ಬದಲಾವಣೆಗಳು: ಮೊದಲನೇ ಗೇರಿನಲ್ಲಿ ಎಳೆತ ಕಡಿಮೆ. ನಿಲ್ಲಿಸಿದ ಮೇಲೂ ಒಮ್ಮೊಮ್ಮೆ ಫ್ಯಾನ್ ಭರ್ರೆಂದು ತಿರುಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿದೆ. ಬೀಪ್ ಮಾತ್ರ ಅಪ್ಪನ ವರದಿ.

"ಬೇರೇನಾದ್ರೂ ಬದಲಾಗಿದ್ಯಾ ಅಪ್ಪ?" ಎಂದು ಕೇಳಿದೆ. ಅವರು ರೇಡಿಯೋದ ಕಿವಿ ಹಿಂಡುತ್ತಿದ್ದರು. ಎರಡನೇ ಸಲ ಕೇಳಿದಾಗ ತಿರುಗಿದರು.

"ಎಂಜಿನ್ ಮಾತ್ರ ಬೆಣ್ಣೆ ಕಣೇ ಪುಟ್ಟಿ. ಉಸಿರಾಡೋದೂ ಗೊತ್ತಾಗಲ್ಲ. ಮಾಡಿದ ಪಾಪ ತೊಳ್ಕೊಂಡಿದ್ದಾರೆ ಕಂಪನಿಯವರು."

ನನಗೆ ಎಂಜಿನ್ ಮೊದಲಿನಷ್ಟೇ ಗದ್ದಲದ್ದು.

ಮಾರ್ಚ್ 4, ಮಂಗಳವಾರ

ಕೆಲಸಕ್ಕೆ ಹೊರಡುವ ಮೊದಲು ನಾನೇ ಗಾಡಿಯನ್ನು ಗೋಡೆಯ ಕಡೆಗೆ ಹಿಂದಕ್ಕೆ ತೆಗೆದು ನೋಡಿದೆ. ಬೀಪ್ ಬಂತು. ಇನ್ನೇನು ಮುಟ್ಟಬೇಕು ಎನ್ನುವಾಗ ಒಂದೇ ಉದ್ದ ಸಿಳ್ಳೆ. ಪಕ್ಕದ ಮನೆಯ ನಾಯಿ ಬೊಗಳಿತು.

ಅಪ್ಪನಿಗೆ ಹೇಳಿದೆ. "ನಿನಗೆ ಮಾತ್ರ ಬೀಪ್ ಮಾಡತ್ತೆ ಅಂದ್ರೆ ನಿನ್ನ ಡ್ರೈವಿಂಗ್ ಮೇಲೆ ಅದಕ್ಕೆ ನಂಬಿಕೆ ಇಲ್ಲ ಅಂತ" ಎಂದು ನಕ್ಕರು.

ಮಾರ್ಚ್ 6, ಗುರುವಾರ

ಇನ್ನೆರಡು ಸಂಗತಿಗಳು. ನಿನ್ನೆ ಅಪ್ಪ ಅಮ್ಮನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವಾಗ ನಾನು ಗೇಟಿನ ಹತ್ತಿರ ನಿಂತಿದ್ದೆ. ಅಮ್ಮನ ಮಂಡಿಗೆ ಆಪರೇಷನ್ ಆಗಿದೆ. ಕಾಲು ಮಡಿಸಲು ಬರುವುದಿಲ್ಲವಾದ್ದರಿಂದ ಹಿಂದಿನ ಸೀಟಿನಲ್ಲಿ ಉದ್ದಕ್ಕೂ ಕಾಲು ಚಾಚಿಕೊಂಡು ಹೋಗುತ್ತಾಳೆ. ಅವಳನ್ನು ಕೂರಿಸಿ, ದಿಂಬು ಕೊಟ್ಟು, ಬಾಗಿಲು ಹಾಕುವಷ್ಟು ಹೊತ್ತೂ ಎಂಜಿನ್ ಓಡುತ್ತಲೇ ಇತ್ತು. ಆಮೇಲೆ ಅಪ್ಪ ಕೂತರು. ಗಾಡಿಯ ಹೊಟ್ಟೆಯಿಂದ ಕರ್ರ್ ಎಂದು ಹಲ್ಲು ಕಡಿದಂಥ ಸದ್ದು ಬಂತು. ಹಿಂದೆಂದೂ ಕೇಳಿರದ ಸದ್ದು.

ಎರಡನೆಯದು, ಬಲಕ್ಕೆ ತಿರುಗಿದ ಮೇಲೂ ಇಂಡಿಕೇಟರ್ ಆರಲಿಲ್ಲ. ಬೀದಿಯ ಕೊನೆಯವರೆಗೂ ಮಿಣುಕುತ್ತಲೇ ಹೋಯಿತು. ಸಂಜೆ ಕೇಳಿದರೆ ಅಪ್ಪ, "ಹೌದು, ಅದರ ಟಿಕ್ ಟಿಕ್ ಕೂಡ ನಿಂತುಹೋಗಿದೆ, ಬರ್ಕೋ" ಎಂದರು.

ನಾನು ಓಡಿಸಿದಾಗ ಟಿಕ್ ಟಿಕ್ ಇದೆ. ಪರೀಕ್ಷೆ ಮಾಡುವವರನ್ನು ಗುರುತಿಸಿ ಬೇರೆ ಥರ ನಡೆದುಕೊಂಡ ಗಾಡಿ ಇದು. ಓಡಿಸುವವರನ್ನೂ ಗುರುತಿಸುತ್ತಿರಬಹುದೇ? ಸೀಟಿನ ಭಾರದಿಂದ? ಪೆಡಲ್ ತುಳಿಯುವ ರೀತಿಯಿಂದ? ನಗು ಬರುವ ಊಹೆ. ಆದರೆ ಆ ಮೊದಲನೆಯ ಮೋಸವನ್ನೂ ಯಾರಾದರೂ ಮೊದಲೇ ಹೇಳಿದ್ದರೆ ನಾನು ನಗುತ್ತಿದ್ದೆ.

ಮಾರ್ಚ್ 8, ಶನಿವಾರ

ಸರ್ವಿಸ್ ಸೆಂಟರಿಗೆ ಹೋಗಿದ್ದೆ. ಅಲ್ಲಿಯ ಸರ್ವಿಸ್ ಅಡ್ವೈಸರ್ ಗಾಡಿಗೆ ಲ್ಯಾಪ್‌ಟಾಪ್ ಚುಚ್ಚಿ ಒಂದು ಗಂಟೆ ನೋಡಿದ. ಬೀಪ್ ಸರಿಯಾಗಿದೆ. ಇಂಡಿಕೇಟರಿನ ಸದ್ದು ಸರಿಯಾಗಿದೆ. ಗಾಡಿಗೆ ಡ್ರೈವರನ್ನು ಗುರುತಿಸಲು ಬರುತ್ತದೆಯೇ ಎಂದು ಕೇಳಿದೆ. ಆತ ನಗಲಿಲ್ಲ. "ಬರಲ್ಲ ಮೇಡಂ. ಈ ಪ್ರಶ್ನೆ ಈ ವಾರ ಇನ್ನೊಬ್ಬರೂ ಕೇಳಿದ್ರು. ಒಂದ್ಸಲ ಸುಳ್ಳು ಹೇಳಿದ್ಮೇಲೆ ಇನ್ನೇನು ಮಾಡೋಕಾಗತ್ತೆ, ಕೇಳಿಸ್ಕೋಬೇಕು" ಎಂದ.

ಹಳದಿ ದೀಪದ ವಿಷಯ ಹೀಗೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಒಂದಿದೆ. ಮಸಿ ತುಂಬಿದಾಗ ಗಾಡಿಯೇ ಅದನ್ನು ಸುಟ್ಟುಕೊಳ್ಳುತ್ತದೆ. ಫ್ಯಾನ್ ತಿರುಗುವುದು ಅದಕ್ಕೇ. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಈ ಸುಡುವ ಕೆಲಸ ಹೆಚ್ಚಾಗಿ ನಡೆಯುತ್ತದೆ.

"ಯಾರೋ ಮಧ್ಯದಲ್ಲೇ ಎಂಜಿನ್ ಆಫ್ ಮಾಡ್ತಿದ್ದಾರೆ ಮೇಡಂ. ಬಟ್ಟೆ ಒಗೆಯೋ ಮೆಷಿನ್ ಅರ್ಧಕ್ಕೆ ನಿಲ್ಲಿಸ್ದಂಗೆ. ಹೆದ್ದಾರಿಯಲ್ಲಿ ಒಂದರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸ್ಕೊಂಡು ಬನ್ನಿ, ದೀಪ ಹೋಗತ್ತೆ. ನಡುವೆ ನಿಲ್ಲಿಸ್ಬೇಡಿ."

"ಆ ಕರ್ರ್ ಸದ್ದು?"

"ಸ್ಟಾರ್ಟರ್ ಹಲ್ಲು ಸವೆದಿದೆ. ಓಡ್ತಿರೋ ಎಂಜಿನ್‌ಗೆ ಮತ್ತೆ ಕೀ ತಿರುಗಿಸ್ತಿದ್ದಾರೆ."

ನನಗೆ ಸಿಟ್ಟು ಬಂತು. "ಈ ಗಾಡಿ ಓಡಿಸೋದು ನಾನು, ನಮ್ಮಪ್ಪ, ಇಬ್ರೇ. ನಮ್ಮಪ್ಪ ರಿಟೈರ್ಡ್ ಬಸ್ ಡ್ರೈವರ್. ಓಡ್ತಿರೋ ಎಂಜಿನ್‌ಗೆ ಕೀ ತಿರುಗಿಸೋಕೆ ಅವರೇನು ನಿನ್ನೆ ಮೊನ್ನೆ ಡ್ರೈವಿಂಗ್ ಕಲಿತವರಾ?"

"ಹಾಗಂದ್ರೆ ನನಗೂ ಗೊತ್ತಿಲ್ಲ ಮೇಡಂ" ಎಂದು ಆತ ಲ್ಯಾಪ್‌ಟಾಪ್ ಮುಚ್ಚಿದ.

ತಮ್ಮ ತಪ್ಪನ್ನು ಗಿರಾಕಿಯ ತಲೆಗೆ ಕಟ್ಟುವ ಉಪಾಯ ಎಂದು ಈಗಲೂ ಅನಿಸುತ್ತದೆ.

ಮಾರ್ಚ್ 9, ಭಾನುವಾರ

ಹೆದ್ದಾರಿಗೆ ಹೋಗಿ ಬಂದೆವು. ದೀಪ ಆರಿದೆ. ಇದು ಮುಖ್ಯ ಸುದ್ದಿ. ಉಳಿದದ್ದು ಅದಕ್ಕಿಂತ ಉದ್ದವಿದೆ.

ಅಪ್ಪನಿಗೆ ಮದುವೆಗೆ ಹೊರಟಷ್ಟು ಖುಷಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಅಮ್ಮನೂ ಬರುತ್ತೇನೆಂದು ಹಟ ಹಿಡಿದಳು. "ಆ ಗೋಡೆ ನೋಡಿ ನೋಡಿ ಸಾಕಾಗಿದೆ, ಸ್ವಲ್ಪ ಹೆದ್ದಾರಿನಾದ್ರೂ ನೋಡ್ತೀನಿ." ಅವಳು ಊರುಗೋಲಿನೊಂದಿಗೆ ಹಿಂದೆ. ನಾನು ಮುಂದೆ, ಅಪ್ಪನ ಪಕ್ಕ. ಎಷ್ಟೋ ವರ್ಷಗಳಿಂದ ಆ ಸೀಟಿನಲ್ಲಿ ನಾನು ಕೂತದ್ದೇ ಇಲ್ಲ. ಅದು ಅಮ್ಮನ ಜಾಗ.

ಊರೊಳಗಿನ ಕೊನೆಯ ಸಿಗ್ನಲ್‌ನಲ್ಲಿ ಅಪ್ಪ ಎಂಜಿನ್ ಆಫ್ ಮಾಡಿದರು. "ಅಪ್ಪ, ಆಫ್ ಮಾಡ್ಬಾರ್ದಂತೆ" ಎಂದೆ. ಅವರು ರಸ್ತೆ ನೋಡುತ್ತಾ ಡಿಪೋದ ಕಥೆ ಶುರು ಮಾಡಿದರು. ದೊಡ್ಡ ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡದ ಡ್ರೈವರಿಗೆ ಡಿಪೋ ಮ್ಯಾನೇಜರ್ ಎಲ್ಲರೆದುರು ನಿಲ್ಲಿಸಿ ಬೈಯುತ್ತಿದ್ದನಂತೆ. ನಾನು ಅವರ ತೋಳು ಮುಟ್ಟಿ ಮತ್ತೆ ಹೇಳಿದೆ. "ಓ, ಹೌದಾ" ಎಂದು ಕೂಡಲೇ ಸ್ಟಾರ್ಟ್ ಮಾಡಿದರು. ಕಥೆ ಮುಂದುವರಿಯಿತು. ಹಸಿರು ದೀಪ ಬಂದಾಗ ಮತ್ತೆ ಕೀ ತಿರುಗಿಸಿದರು. ಕರ್ರ್.

"ನೋಡಿದ್ಯಾ? ಹೊಸ ಸಾಫ್ಟ್‌ವೇರು. ಒಂದೊಂದ್ಸಲ ತಾನೇ ಆರ್ಕೊಳತ್ತೆ. ಇದನ್ನೂ ಬರ್ಕೋ."

ಎಂಜಿನ್ ಆರಿರಲಿಲ್ಲ. ಎಂಜಿನ್ ವೇಗ ತೋರಿಸುವ ಮೀಟರಿನ ಮುಳ್ಳು ನಿಂತ ಜಾಗದಲ್ಲಿ ನಡುಗುತ್ತಲೇ ಇತ್ತು, ನಾನು ನೋಡುತ್ತಿದ್ದೆ. ಸರ್ವಿಸ್ ಅಡ್ವೈಸರ್ ಹೇಳಿದ್ದು ಸರಿ. ಏಕೆ ಹೀಗೆ ಎಂಬುದು ಮಾತ್ರ ತಿಳಿಯುತ್ತಿಲ್ಲ.

ಹೆದ್ದಾರಿಯಲ್ಲಿ ಲಾರಿಯೊಂದು ಹಿಂದಿನಿಂದ ಹಾರ್ನ್ ಹೊಡೆಯತೊಡಗಿತು. ಅಪ್ಪ ದಾರಿ ಬಿಡಲಿಲ್ಲ. ಲಾರಿಯವನು ಬಿಡದೆ ಹೊಡೆದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಮ್ಮನ ಊರುಗೋಲು ಬಂದು ಅಪ್ಪನ ಭುಜವನ್ನು ಮೆಲ್ಲಗೆ ತಟ್ಟಿತು. ಅಪ್ಪ ಕನ್ನಡಿ ನೋಡಿ ತಕ್ಷಣ ಪಕ್ಕಕ್ಕೆ ಸರಿದರು. ಅಮ್ಮ ಹೇಳುತ್ತಿದ್ದ ಮಾತು ನಿಲ್ಲಿಸಲೂ ಇಲ್ಲ. ಹಿಂದೆ ಕೂತು ಗಾಡಿ ಓಡಿಸುವ ಚಟ ಅವಳಿಗೆ ಇಷ್ಟಿದೆಯೆಂದು ಗೊತ್ತಿರಲಿಲ್ಲ.

ಮಾರ್ಚ್ 10, ಸೋಮವಾರ

ನಮ್ಮ ಲ್ಯಾಬಿನಲ್ಲಿ ಕುಡಿಯುವ ನೀರಿನ ಪರೀಕ್ಷೆ ಮಾಡುತ್ತೇವೆ. ಮಧ್ಯಾಹ್ನ ಬಾಟಲಿ ತೊಳೆಯುವಾಗ ಗಾಡಿಯ ಕಥೆಯನ್ನು ನಮ್ಮ ಹೆಡ್ ಮೇಡಂಗೆ ಹೇಳಿದೆ.

"ರಿಪೇರಿ ಜೊತೆಗೆ ಇನ್ನೇನು ಬದಲಾಯ್ತು?" ಎಂದರು.

"ಏನೂ ಇಲ್ಲ ಮೇಡಂ."

"ನಲ್ಲಿಯೂ ಬದಲಾಗಿ ಟ್ಯಾಂಕೂ ಬದಲಾಗಿದ್ರೆ ನೀನು ನಲ್ಲಿ ಮೇಲೆ ರಿಪೋರ್ಟ್ ಬರೀತೀಯಾ? ಸರಿಯಾಗಿ ಯೋಚನೆ ಮಾಡು."

ಬಸ್ಸಿನಲ್ಲಿ ಮನೆಗೆ ಬರುವಾಗ ಹೊಳೆಯಿತು. ಗಾಡಿ ರಿಪೇರಿಯಾಗಿ ಬಂದ ವಾರವೇ ಅಮ್ಮ ಆಸ್ಪತ್ರೆಯಿಂದ ಬಂದದ್ದು. ಆ ವಾರದಿಂದಲೇ ಅವಳು ಹಿಂದಿನ ಸೀಟಿಗೆ ಹೋದದ್ದು.

ಎರಡು ಬದಲಾಗಿದ್ದವು. ನಾನು ಒಂದನ್ನೇ ಬರೆದಿದ್ದೆ.

ಮಾರ್ಚ್ 11, ಮಂಗಳವಾರ

ಅಪ್ಪ ಹಾಲು ತರಲು ಹೋದಾಗ ಅಮ್ಮ ಮಂಚದ ತುದಿಯಲ್ಲಿ ಕೂತು ಕಾಲಿನ ವ್ಯಾಯಾಮ ಮಾಡುತ್ತಿದ್ದಳು. ನೇರವಾಗಿ ಕೇಳಿದೆ.

"ಅಮ್ಮ, ಮುಂದಿನ ಸೀಟಲ್ಲಿ ಕೂತಾಗ ನೀನು ಏನು ಮಾಡ್ತಿದ್ದೆ?"

"ಏನ್ಮಾಡ್ತೀನಿ? ಕೂತಿರ್ತಿದ್ದೆ."

"ಅಪ್ಪನಿಗೆ ಕಿವಿ ಕೇಳಲ್ಲ ಅಲ್ವಾ?"

ಅವಳು ಕಾಲು ಎತ್ತಿದವಳು ಹಾಗೇ ಹಿಡಿದುಕೊಂಡಳು. ಆಮೇಲೆ ಇಳಿಸಿದಳು. "ಕೇಳತ್ತೆ. ಸಣ್ಣ ಸದ್ದು ಕೇಳಲ್ಲ. ಕೀಚಲು ಸದ್ದು ಕೇಳಲ್ಲ. ನಾನು ಜೋರಾಗಿ ಮಾತಾಡಿದ್ರೆ ಚೆನ್ನಾಗೇ ಕೇಳತ್ತೆ."

ಪಕ್ಕದ ಸೀಟಿನಿಂದ ಅವಳು ಅವರ ತೊಡೆಯ ಮೇಲೆ ಕೈಯಿಡುತ್ತಿದ್ದಳು. ಹಿಂದೆ ಹಾರ್ನ್ ಆದರೆ, ರಿವರ್ಸ್ ಬೀಪ್ ಬಂದರೆ ಒಂದು ಸಲ ತಟ್ಟುವುದು. ಎಂಜಿನ್ ಓಡುತ್ತಿದ್ದರೆ ಎರಡು ಸಲ. ಇಂಡಿಕೇಟರ್ ಉಳಿದಿದ್ದರೆ ಅಂಗೈಯಿಂದ ಒತ್ತುವುದು. ಎರಡು ವರ್ಷದಿಂದ ಹೀಗೇ ನಡೆದಿದೆ.

"ಅಪ್ಪನಿಗೆ ಗೊತ್ತಾ?"

"ಅವರು ನಾನು ಪ್ರೀತಿಯಿಂದ ಮುಟ್ತೀನಿ ಅಂದ್ಕೊಂಡಿದ್ದಾರೆ."

ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಮರುಕ್ಷಣ ನನ್ನ ಮೊಣಕೈ ಹಿಡಿದುಕೊಂಡಳು. "ಹೇಳ್ಬೇಡ ಕಣೇ. ಹೇಳಿದ್ರೆ ಆ ದಿನವೇ ಕೀ ಬಿಸಾಕ್ತಾರೆ. ಸ್ಟೀರಿಂಗ್ ಬಿಟ್ರೆ ಅವರಿಗೆ ಇನ್ನೇನಿದೆ? ನನ್ನ ಕಾಲು ಇನ್ನೊಂದು ತಿಂಗಳಲ್ಲಿ ಮಡಿಚತ್ತೆ. ಮುಂದೆ ಬಂದು ಕೂತ್ಕೋತೀನಿ. ಎಲ್ಲ ಮೊದಲಿನ ಹಾಗೆ ಆಗತ್ತೆ."

"ಆ ಒಂದು ತಿಂಗಳು?"

"ದೇವರಿದ್ದಾನೆ. ಊರುಗೋಲೂ ಇದೆ."

ಮಾರ್ಚ್ 12, ಬುಧವಾರ

ಕಂಪನಿಗೆ ಕಳಿಸಲು ಬರೆದಿಟ್ಟ ದೂರಿನಿಂದ ಬೀಪ್, ಟಿಕ್ ಟಿಕ್, ಕರ್ರ್, ಮೂರನ್ನೂ ತೆಗೆದೆ. ಎಳೆತವೂ ಫ್ಯಾನೂ ಉಳಿದವು.

ಮಾರ್ಚ್ 13, ಗುರುವಾರ

ಒಂದು ಪ್ರಯೋಗ ಮಾಡಿದೆ. ಅಪ್ಪನನ್ನು ನಿಂತ ಗಾಡಿಯಲ್ಲಿ ಕೂರಿಸಿ, ನಾನು ಕಿಟಕಿಯಿಂದ ಕೈ ಹಾಕಿ ಎಂಜಿನ್ ಒಮ್ಮೆ ಹಾಕುವುದು, ಒಮ್ಮೆ ಆರಿಸುವುದು. ಅವರು ಕಣ್ಣು ಮುಚ್ಚಿ ಹೇಳಬೇಕು. ಸದ್ದಿನ ಬಗ್ಗೆ ಕಂಪನಿಯವರು ಕೇಳಿದ್ದಾರೆ ಎಂದೆ. ಸುಳ್ಳು.

ಪ್ರತಿ ಸಲವೂ ಸರಿಯಾಗಿ ಹೇಳಿದರು. ಆಮೇಲೆ ನೋಡಿದರೆ ಅವರ ಎಡಗೈ ಗೇರಿನ ಗುಬುಟಿನ ಮೇಲಿತ್ತು. ಅಲ್ಲಿ ನಡುಕ ಗೊತ್ತಾಗುತ್ತದೆ. ಬೇಕೆಂದೇ ಇಟ್ಟಿದ್ದರೋ, ಅವರಿಗೇ ಗೊತ್ತಿಲ್ಲದೆ ಕೈ ಅಲ್ಲಿಗೆ ಹೋಗಿತ್ತೋ, ನಾನು ಕೇಳಲಿಲ್ಲ.

ಇಂಥ ಪ್ರಯೋಗ ಮತ್ತೆ ಮಾಡುವುದಿಲ್ಲ.

ಮಾರ್ಚ್ 17, ಸೋಮವಾರ

ಶುಕ್ರವಾರದಿಂದ ಒಂದು ತಾತ್ಕಾಲಿಕ ವ್ಯವಸ್ಥೆ. ಫಿಸಿಯೋಥೆರಪಿಯ ದಿನ ನಾನೂ ಮುಂದಿನ ಸೀಟಿನಲ್ಲಿ ಹೋಗುವುದು, ಲ್ಯಾಬಿಗೆ ತಡವಾಗಿ ಹೋಗುವುದು. ಅಪ್ಪನಿಗೆ ಎಳೆತ ಗಮನಿಸಲು ಬರುತ್ತೇನೆಂದು ಹೇಳಿದ್ದೇನೆ.

ಇವತ್ತು ಹಿಂದೆ ಆಂಬುಲೆನ್ಸ್ ಬಂದಾಗ ತೊಡೆ ತಟ್ಟಿದೆ. ಅಪ್ಪ ಸರಿದು ದಾರಿ ಕೊಟ್ಟರು. "ಇದೇನೇ, ನಿಮ್ಮಮ್ಮನ ಚಾಳಿ ನಿನಗೂ ಬಂತು?" ಎಂದರು. ಹಿಂದೆ ಅಮ್ಮ ಕೆಮ್ಮಿದಳು.

ಇನ್ನೊಬ್ಬರಿಗಾಗಿ ಕೇಳಿಸಿಕೊಳ್ಳತೊಡಗಿದರೆ ರಸ್ತೆಯೇ ಬೇರೆ. ಸೈಕಲ್ ಬೆಲ್ ಎಷ್ಟು ದೂರದಿಂದ ಬರುತ್ತದೆ. ಶಾಲೆಯ ಗೇಟಿನ ಕೀಲು ಕಿರುಗುಟ್ಟಿದರೆ ಮಕ್ಕಳು ಹೊರಬರುತ್ತಿದ್ದಾರೆಂದು ಅರ್ಥ. ಗಾಡಿಗಳ ನಡುವೆ ಕಾಣದೆ ನಿಂತ ತರಕಾರಿಯವನು ಕೂಗಿದರೆ ಅವನು ಇನ್ನೇನು ಗಾಡಿ ತಳ್ಳುತ್ತಾನೆ. ಇವೆಲ್ಲ ಅಪ್ಪನಿಗೆ ಮೊದಲು ಗೊತ್ತಿದ್ದಿರಬೇಕು. ಬಸ್ಸಿನಲ್ಲಿ ಕಿವಿಯೇ ಅವರ ಅರ್ಧ ಕಣ್ಣು ಎಂದು ಇವತ್ತು ಅವರೇ ಹೇಳಿದರು. ಹಿಂದಿನ ಮೆಟ್ಟಿಲ ಮೇಲೆ ಕೊನೆಯ ಪ್ರಯಾಣಿಕ ಕಾಲಿಟ್ಟ ಸದ್ದು ಕೇಳಿಯೇ ಅವರು ಬಸ್ ಎತ್ತುತ್ತಿದ್ದುದಂತೆ. ಕಂಡಕ್ಟರನ ಸಿಳ್ಳೆಗೆ ಕಾಯುತ್ತಿರಲಿಲ್ಲ.

ಎಳೆತ ಗಮನಿಸಲಿಲ್ಲ. ಮರೆತೆ.

ಮಾರ್ಚ್ 19, ಬುಧವಾರ

ಯಾರಿಗೂ ಪೆಟ್ಟಾಗಿಲ್ಲ. ಫೋನ್ ಮಾಡಿ ಹೇಳಿದವಳು ಅಮ್ಮ.

ಬೆಳಿಗ್ಗೆ ನೀರಿನ ಮುಖ್ಯ ಪೈಪ್ ಒಡೆದು ಲ್ಯಾಬಿನಿಂದ ಬೇಗ ಬರಲು ಕರೆ ಬಂತು. ನಾನು ಹೋದೆ. ಇವತ್ತೊಂದು ದಿನ ಆಟೋ ಮಾಡಿಕೊಳ್ಳಿ ಎಂದು ಹೇಳಬಹುದಿತ್ತು. ಕಾರಣ ಏನು ಕೊಡುವುದೆಂದು ತೋಚದೆ ಸುಮ್ಮನಾದೆ.

ಫಿಸಿಯೋಥೆರಪಿ ಕ್ಲಿನಿಕ್ಕಿನ ಅಂಗಳದಲ್ಲಿ ಅಪ್ಪ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು. ವಾಕರ್ ಹಿಡಿದು ನಡೆಯುವ ಅಜ್ಜಿಯೊಬ್ಬರು ಗಾಡಿಯ ಹಿಂದೆ ಬಂದಿದ್ದರು, ಕನ್ನಡಿಯಲ್ಲಿ ಕಾಣಿಸಲಿಲ್ಲ. ಬೀಪ್ ಹೊಡೆದುಕೊಳ್ಳುತ್ತಿತ್ತು. ಅಮ್ಮ ಹಿಂದಿನ ಸೀಟಿನಿಂದ ಗಾಬರಿಯಲ್ಲಿ ಕೀಚಲು ದನಿಯಲ್ಲಿ ಕೂಗಿದಳು, ಅಪ್ಪನಿಗೆ ಅದೂ ಕೇಳಲಿಲ್ಲ. ಊರುಗೋಲಿಲ್ಲದೆ ನಡೆದು ಅಭ್ಯಾಸ ಮಾಡಲಿ ಎಂದು ಕ್ಲಿನಿಕ್ಕಿನವರು ಇವತ್ತೇ ಅದನ್ನು ಡಿಕ್ಕಿಯಲ್ಲಿಡಿಸಿದ್ದರು. ಅಂಗಳದಲ್ಲಿದ್ದ ವಾರ್ಡ್‌ಬಾಯ್ ಓಡಿಬಂದು ಬಾನೆಟ್ಟಿಗೆ ಎರಡೂ ಕೈಯಿಂದ ಗುದ್ದಿದ. ಅಪ್ಪ ಬ್ರೇಕ್ ಹಾಕಿದರು. ಅಜ್ಜಿಗೂ ಗಾಡಿಗೂ ಒಂದು ಮೊಳ ಅಂತರವಿತ್ತು.

ಅಜ್ಜಿ ಬೈದರಂತೆ. "ಅಷ್ಟು ಹೊತ್ತಿಂದ ಬಡ್ಕೋತಾ ಇದೆ ನಿನ್ನ ಗಾಡಿ, ಕಿವಿ ಏನು ಮನೇಲಿ ಇಟ್ಟು ಬಂದ್ಯಾ?" ಅಪ್ಪ ಇಳಿದು ಕೈಮುಗಿದರಂತೆ. ಗಾಡಿಯನ್ನು ಅಲ್ಲೇ ಬಿಟ್ಟು ಆಟೋದಲ್ಲಿ ಮನೆಗೆ ಬಂದಿದ್ದಾರೆ.

ನಾನು ಮನೆಗೆ ಬಂದಾಗ ರೇಡಿಯೋ ಆರಿತ್ತು. ಅಪ್ಪ ಊಟ ಮಾಡಲಿಲ್ಲ.

ತಪ್ಪು ಎಣಿಸಿದ್ದು ನಾನು. ನನ್ನ ವ್ಯವಸ್ಥೆ ನಾನು ಇದ್ದ ದಿನ ಮಾತ್ರ ಕೆಲಸ ಮಾಡುತ್ತಿತ್ತು.

ಮಾರ್ಚ್ 20, ಗುರುವಾರ

ಬೆಳಿಗ್ಗೆ ಗಾಡಿ ತರಲು ಇಬ್ಬರೂ ಬಸ್ಸಿನಲ್ಲಿ ಹೋದೆವು. ಅಪ್ಪ ಕೀ ನನ್ನ ಕೈಗೆ ಕೊಟ್ಟು ಪಕ್ಕದ ಸೀಟಿನಲ್ಲಿ ಕೂತರು. ಬೆಲ್ಟ್ ಹಾಕಿಕೊಂಡರು.

"ಹಿಂದಕ್ಕೆ ತೆಗಿ. ಕಾಂಪೌಂಡ್ ಗೋಡೆವರೆಗೂ."

ತೆಗೆದೆ. ಅವರು ಗೋಡೆಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಕೀಂ ಕೀಂ ಶುರುವಾಯಿತು. ಹತ್ತಿರವಾಯಿತು. ಉದ್ದ ಸಿಳ್ಳೆಯಾಯಿತು. ನಿಲ್ಲಿಸಿದೆ.

"ಈಗ ಆಗ್ತಿದ್ಯಾ?"

"ಆಗ್ತಿದೆ ಅಪ್ಪ."

"ಜೋರಾಗಿ?"

"ಜೋರಾಗಿ."

ಅವರು ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು, ತೆಗೆದು, ಮತ್ತೆ ಇಟ್ಟರು. ನಾನು ಗೇರ್ ಬದಲಿಸಿದೆ, ಸದ್ದು ನಿಂತಿತು. ಅದೂ ಅವರಿಗೆ ತಿಳಿಯಲಿಲ್ಲ.

"ನಿನಗೆ ಯಾವಾಗಿಂದ ಗೊತ್ತು?"

"ಹೋದ ವಾರದ ಮಂಗಳವಾರದಿಂದ."

"ನಿಮ್ಮಮ್ಮನಿಗೆ?"

ನಾನು ಕನ್ನಡಿ ಸರಿಮಾಡತೊಡಗಿದೆ. ಅವರು ತೊಡೆಯ ಕಡೆ ನೋಡಿಕೊಂಡರು. ಒಂದು ಸಲ ತಟ್ಟಿಕೊಂಡರು. ಎರಡು ಸಲ ತಟ್ಟಿಕೊಂಡರು. "ಕಳ್ಳಿ" ಎಂದರು. "ನಾನೇನೋ ಅಂದ್ಕೊಂಡಿದ್ದೆ."

"ಆ ಅಜ್ಜಿ ನನಗಿಂತ ಎಷ್ಟೋ ದೊಡ್ಡವರು ಪುಟ್ಟಿ. ಸತ್ತೇ ಹೋಗ್ತಿದ್ರು" ಎಂದರು. ನಾನು ಅವರ ಕಡೆ ಪೂರ್ತಿ ತಿರುಗಿ, ತುಟಿ ಕಾಣುವ ಹಾಗೆ, ನಿಧಾನವಾಗಿ ಹೇಳಿದೆ: "ಕಿವಿ ಡಾಕ್ಟರ್ ಹತ್ರ ಹೋಗೋಣ. ಮಷಿನ್ ಹಾಕಿದ್ರೆ ಓಡಿಸ್ಬಹುದು ಅಂದ್ರೆ ಓಡಿಸಿ. ಬೇಡ ಅಂದ್ರೆ ಬೇಡ. ಅಲ್ಲಿಯವರೆಗೆ ಕೀ ನನ್ನ ಹತ್ರ."

"ಬೇಡ ಅಂದ್ರೆ?"

"ಬೇಡ ಅಂದ್ರೆ ನೀವು ಪಕ್ಕದಲ್ಲಿ ಕೂತು ನನ್ನ ಡ್ರೈವಿಂಗ್ ಬೈಯಿರಿ."

"ಅದನ್ನ ಈಗಲೇ ಶುರು ಮಾಡ್ಬಹುದು. ಕ್ಲಚ್ ಮೇಲೆ ಯಾಕೆ ಕಾಲಿಟ್ಕೊಂಡಿದ್ದೀಯಾ?"

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಇಬ್ಬರ ಮಾತು ಕೇಳಿಸಿತು. ಕೇಳಿಸದಿರಲು ಸಾಧ್ಯವೇ ಇರಲಿಲ್ಲ, ಅಷ್ಟು ಜೋರು.

"ಎರಡು ವರ್ಷ ಮೋಸ ಮಾಡಿದ್ಯಲ್ಲೇ!"

"ಯಾವ ಮೋಸ ರೀ?"

"ತೊಡೆ ತಟ್ಟಿದ್ದು! ನಾನು ಪ್ರೀತಿ ಅಂದ್ಕೊಂಡೆ!"

"ಅದೂ ಇತ್ತು ಬಿಡಿ!" ಎಂದು ಅಮ್ಮ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಆಮೇಲೆ ಏನೋ ಪಾತ್ರೆ ಬಿತ್ತು. ಇಬ್ಬರೂ ನಗುತ್ತಿದ್ದರು. ಅಪ್ಪ ಸ್ವಲ್ಪ ಬೇಗ ನಿಲ್ಲಿಸಿದರು.

ಮಾರ್ಚ್ 21, ಶುಕ್ರವಾರ

ಅಮ್ಮನನ್ನು ಫಿಸಿಯೋಥೆರಪಿಗೆ ನಾನು ಕರೆದುಕೊಂಡು ಹೋದೆ. ಅಪ್ಪ ಮುಂದಿನ ಸೀಟಿನಲ್ಲಿ ಬಂದರು. ದಾರಿಯುದ್ದಕ್ಕೂ ಬೈದರು. ಕ್ಲಿನಿಕ್ಕಿನಲ್ಲಿ ಆ ಅಜ್ಜಿಯನ್ನು ಹುಡುಕಿ ಮತ್ತೊಮ್ಮೆ ಕ್ಷಮೆ ಕೇಳಿದರು. ಅಜ್ಜಿ ತಮ್ಮ ಕಿವಿಯ ಹಿಂದಿನ ಮಷಿನ್ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಬ್ಯಾಟರಿ ಎಲ್ಲಿ, ರಾತ್ರಿ ಎಲ್ಲಿಡಬೇಕು, ಸ್ನಾನಕ್ಕೆ ಹೋಗುವಾಗ ಏನು ಮಾಡಬೇಕು ಎಂದು ಅಪ್ಪ ಒಂದೊಂದೇ ಕೇಳಿದರು. ಬಸ್ ಹಾರ್ನ್ ಹೇಗೆ ಕೇಳುತ್ತದೆ ಎಂದೂ ಕೇಳಿದರು. "ನಾಯಿ ಬೊಗಳಿದ ಹಾಗೆ, ಆದರೆ ಕೇಳತ್ತೆ" ಎಂದರು ಅಜ್ಜಿ.

ಕಂಪನಿಗೆ ದೂರು ಕಳಿಸಿದೆ. ಎಳೆತ, ಫ್ಯಾನ್, ಎರಡೇ ವಿಷಯ. ಗಾಡಿ ವಾಪಸ್ ತೆಗೆದುಕೊಳ್ಳಿ ಎಂದು ಕೇಳಿಲ್ಲ. ಸ್ಟಾರ್ಟರ್ ನಮ್ಮ ಕಡೆಯಿಂದ ಹಾಳಾದದ್ದು ಎಂದೂ ಬರೆದಿದ್ದೇನೆ.

ಸೋಮವಾರ, 24ನೇ ತಾರೀಖು, ಬೆಳಿಗ್ಗೆ ಹತ್ತೂವರೆಗೆ ಕಿವಿ ಪರೀಕ್ಷೆ. ಹೋಗುವಾಗ ಗಾಡಿ ನಾನು ಓಡಿಸುತ್ತೇನೆ. ಮುಂದೆ ಯಾರು ಓಡಿಸುವುದೆಂಬುದು ಡಾಕ್ಟರ್ ಹೇಳಿದ ಮೇಲೆ.